ಬೂದಿಗೊಂದು ಲೋಕ

ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ಐತವಾರ ಸಂಜೆ
ಹಳೇ ಲಾಗ್‌ಶೀಟಿನ ಬೆನ್ನಿಗೆ ಸ್ಟೀಲ್ ಲೋಟ ಬೋರಲು ಹಾಕಿ
ನಾಲ್ಕು ಸುತ್ತು ಎಳೆದೆ.
ನಡುವೆ ಇನ್ನೊಂದು, ಬಾಟಲಿ ಮುಚ್ಚಳದಷ್ಟು:
ಇದು ನಾವಿರುವ ಜಗತ್ತು, ಅಂದೆ,
ನಾಲ್ಕೂ ಸೋರಿ ಬಂದು ಇಲ್ಲಿ ಬೆರೆತಿವೆ.
ಸುತ್ತ ಇರುವವು ಬೆರಕೆಯಿಲ್ಲದ ಲೋಕಗಳು.

ಆಟ ನಡೆಸುವವನು ನಾನು. ನಿಯಮ ನನ್ನದು.
ಇಪ್ಪತ್ತು ಮುಖದ ದಾಳ ಇರುವುದು ಒಂದೇ,
ಅದರ ಹದಿನೇಳರ ಏಳು ಸವೆದು ಒಂದಾಗಿದೆ;
ಹನ್ನೊಂದೋ ಹದಿನೇಳೋ, ವಾರಕ್ಕೊಂದು ಜಗಳ.

ಬೆಂಕಿಯ ಲೋಕದಲ್ಲಿ ಮೈಲಿಗಲ್ಲಿಲ್ಲ,
ಎಷ್ಟು ದೂರ ಅಂತ ಕೇಳಿದರೆ
ಇನ್ನೆಷ್ಟು ಹೊತ್ತು ಉರಿಯಬಲ್ಲೆ, ಅನ್ನುತ್ತಾರೆ.
ನೀರಿನ ಲೋಕಕ್ಕೆ ದಡವಿಲ್ಲ, ತಳವಿಲ್ಲ,
ಅಲ್ಲಿ ಹುಟ್ಟಿದವರಿಗೆ 'ಒದ್ದೆ' ಅನ್ನುವ ಮಾತು ಗೊತ್ತಿಲ್ಲ.
ಮಣ್ಣಿನ ಲೋಕದಲ್ಲಿ ಜಾಗವೇ ಇಲ್ಲ:
ಅಗೆದಷ್ಟೇ ನಡಿಗೆ,
ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತದೆ ದಾರಿ.
ಗಾಳಿಯ ಲೋಕದಲ್ಲಿ ಕಾಲು ಜಾರಿದರೆ ಹೆದರಬೇಡಿ,
ಬಿದ್ದು ಸತ್ತವರಿಲ್ಲ ಅಲ್ಲಿ.
ಬೀಳುತ್ತ ಬೀಳುತ್ತ ಮುದುಕರಾಗುತ್ತಾರೆ.

ತಾಜುದ್ದೀನ್ ನಕ್ಕ. ಕಲ್ಲಿದ್ದಲ ವ್ಯಾಗನ್ ಮಗುಚುವವನು,
ಆಟದಲ್ಲಿ ಮಂತ್ರವಾದಿ.
ಆಸ್ಪತ್ರೆಯ ನರಸಮ್ಮ ಸಿಸ್ಟರ್ ಕೈಲಿ ಬಿಲ್ಲು,
ಒಂದು ಬಾಣವೂ ಗುರಿ ತಪ್ಪಿಲ್ಲ ಅಂತ ಅವಳ ಲೆಕ್ಕ,
ನನ್ನ ಲೆಕ್ಕ ಬೇರೆ.
"ಐದನೇದು ಆಕಾಶ ಅಲ್ಲೇನ್ರಿ? ಸಾಲ್ಯಾಗ ಕಲ್ತಿದ್ವಿ."
ಆಕಾಶಕ್ಕೆ ಹಾಳೆ ಸಾಲಲಿಲ್ಲ ಸಿಸ್ಟರ್.
ಜಿಂದಪ್ಪನದು ಮಾತ್ರ ಆರು ತಿಂಗಳಿಂದ ಒಂದೇ ಮಾತು:
"ಕತ್ತಿ ಬೀಸ್ತೀನಿ."
ದಾಳ ಉರುಳಿಸುವುದು, ಬಿದ್ದದ್ದನ್ನು ಒಪ್ಪಿಕೊಳ್ಳುವುದು.
ಅವನ ಕಾಯಿ ಒಂದು ಹುಣಸೆ ಬೀಜ.

ಅವತ್ತು ನಕ್ಷೆಯನ್ನು ತನ್ನ ಕಡೆ ತಿರುಗಿಸಿಕೊಂಡ.
"ಬೂದಿ ಎಲ್ಲೈತ್ರೀ ಇದರಾಗ?"

ಬೂದಿ ಭೂತ ಅಲ್ಲೋ, ಅಂದೆ, ಉರಿದು ಉಳಿದದ್ದು.

"ಮಣ್ಣಾಗಿಂದ ಬಂತಲ್ರಿ ಕಲ್ಲಿದ್ದಲಿ,"
ಒಂದೊಂದು ಸುತ್ತಿಗೂ ಬೆರಳಿಟ್ಟ,
"ಬೆಂಕ್ಯಾಗ ಹೊಕ್ತು. ನೀರು ಕಲಸಿ
ಪೈಪಿನ್ಯಾಗ ಹೊಂಡಕ್ಕ ಬಿಡ್ತೀವಿ.
ಒಣಗಿತಂದ್ರ ಗಾಳಿ ಒಯ್ದು
ಸಿಸ್ಟರಕ್ಕನ ಸೀರಿ ಮ್ಯಾಲೆ ಕುಂದರಸ್ತೈತಿ.
ನಾಕೂ ಲೋಕ ಅಡ್ಡಾಡಿ ಬಂದೈತಿ ಅದು.
ಒಂದರಾಗೂ ಅದಕ್ಕ ಮನಿ ಹಾಕಿಲ್ಲ ನೀವು."

ಫ್ಯಾನಿನ ಗಾಳಿಗೆ ಹಾಳೆಯ ಮೂಲೆ ಎದ್ದಿತು.
ಲೋಟ ಹುಡುಕಿದೆ; ಯಾರೋ ಅದರಲ್ಲಿ ಚಹಾ ಸುರಿದುಕೊಂಡಿದ್ದರು.
ಬರಿಗೈಯಲ್ಲೇ ಎಳೆದೆ, ಸೊಟ್ಟಗೆ ಬಂತು,
ಹಾಳೆಯ ಅಂಚಿಗೆ ತಾಗಿ.
ಸರಿ, ಹೋಗೋಣ. ಏನಿದೆ ಅಲ್ಲಿ?
ನನಗೆ ಗೊತ್ತಿರಲಿಲ್ಲ.
ಆಟ ನಡೆಸುವವನು ನಾನು, ಗೊತ್ತಿರಲಿಲ್ಲ.

"ಸದ್ದಿರಂಗಿಲ್ಲ," ಜಿಂದಪ್ಪ ಹೇಳತೊಡಗಿದ,
"ನಿಮ್ಮ ಹೆಜ್ಜಿ ನಿಮಗ ಕೇಳಂಗಿಲ್ಲ.
ಬಿಸಲಿಗೆ ಹಾಲಿನಂಗ ಬೆಳ್ಳಗ, ಕಣ್ಣು ಬಿಡಾಕಾಗಂಗಿಲ್ಲ.
ಮ್ಯಾಲೆ ಹಪ್ಪಳದಂಗ ಗಟ್ಟಿ ಆಗಿರ್ತೈತಿ,
ನೆಲ ಅಂತ ತಿಳ್ಕೊಂತೀರಿ. ತಿಳ್ಕಬ್ಯಾಡ್ರಿ.
ಒಳಗ ಇನ್ನಾ ಹಸಿ ಐತಿ.
ಕಾಲು ಹೋತಂದ್ರ ಒದ್ದಾಡಬಾರದು,
ಅಂಗಾತ ಮಲಗಬೇಕು, ಕೈ ಅಗಲ ಮಾಡಿ.
ಎಮ್ಮಿಗೆ ಇದು ಗೊತ್ತಿರಂಗಿಲ್ಲ.
ಎಮ್ಮಿ ಹಿಂದ ಓಡಿ ಬಂದ ಹುಡುಗಗೂ."

ತಾಜುದ್ದೀನ್ ಮಂತ್ರ ಹಾಕಲಿಲ್ಲ.
ಯಾವ ಹುಡುಗ ಅಂತ ನರಸಮ್ಮ ಕೇಳಲಿಲ್ಲ,
ಆಸ್ಪತ್ರೆಯಲ್ಲಿ ರಿಜಿಸ್ಟರು ಬರೆಯುವವಳು ಅವಳೇ.

ದಾಳ ಹಾಕು, ಅಂದೆ, ದಾಟುತ್ತೀಯೋ ನೋಡೋಣ.
ಹಾಕಿದ. ಹದಿನೇಳೋ, ಹನ್ನೊಂದೋ.
ಯಾರೂ ಬಗ್ಗಿ ನೋಡಲಿಲ್ಲ.

ಹತ್ತಕ್ಕೆ ಅವನ ಪಾಳಿ. ಬುತ್ತಿ ಡಬ್ಬಿ ಎತ್ತಿಕೊಂಡು,
ಬಾಗಿಲಲ್ಲಿ ಚಪ್ಪಲಿ ಝಾಡಿಸಿ ಹೋದ.
ಸೊಟ್ಟ ಸುತ್ತಿನ ನಡುವೆ ಬೀಜ ಹಾಗೇ ಇತ್ತು.

ಬೆಳಿಗ್ಗೆ ಕಸ ಗುಡಿಸುವಾಗ ಹಾಳೆ ಎತ್ತಲಿಲ್ಲ,
ಸುತ್ತ ಗುಡಿಸಿದೆ. ಕಿಟಕಿ ತೆರೆದೇ ಇದ್ದುದರಿಂದ
ನಾಲ್ಕೂ ಲೋಕಗಳ ಮೇಲೆ ತೆಳ್ಳಗೆ ಬಿದ್ದಿತ್ತು.
ಕುಕ್ಕರಗಾಲಿನಲ್ಲಿ ಕೂತು ನೋಡಿದೆ ಬಹಳ ಹೊತ್ತು:
ಹುಣಸೆ ಬೀಜಕ್ಕೆ ಅಂಗಾತ ಯಾವುದು,
ಬೋರಲು ಯಾವುದು?